ಸಿಹಿನೀರಿನ ಬೆಲೆ

2019ನೆಯ ಇಸವಿಯ ಬೇಸಿಗೆಯಲ್ಲಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಕೃಷ್ಣಾ ನದಿಯ ಪಾತ್ರ ಬತ್ತಿಹೋಯಿತು. ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಳ್ಳಬೇಕಾಯಿತು. ಅದೇ ಬೇಸಿಗೆಯಲ್ಲಿ ಬಂಗಾಳ ಕೊಲ್ಲಿಯ ದಡದಲ್ಲಿರುವ ಚೆನ್ನೈ ನಗರದ ನಾಲ್ಕು ಮುಖ್ಯ ಜಲಾಶಯಗಳು ಬಹುಮಟ್ಟಿಗೆ ಬರಿದಾದವು. ಅರಬ್ಬೀ ಸಮುದ್ರದ ಅಂಚಿನ ಮಂಗಳೂರಿನಲ್ಲಿ ನೇತ್ರಾವತಿ ಸೊರಗಿತು. ಅಲ್ಲಿಯ ತೈಲ ಶುದ್ಧೀಕರಣಾಗಾರವು ತನ್ನ ಕೆಲವು ವಿಭಾಗಗಳನ್ನು ನಿಲ್ಲಿಸಿತು. ಸಮುದ್ರದ ನಂಟು, ಉಪ್ಪಿಗೆ ಬಡತನ ಎಂಬುದು ಹಳೆಯ ಗಾದೆ. ಆ ವರ್ಷ ಸಮುದ್ರದ ನಂಟರಿಗೆ ಒದಗಿದ್ದು ನೀರಿನ ಬಡತನ.

ಭೂಮಿಯ ಮೇಲಿನ ನೀರಿನಲ್ಲಿ ನೂರಕ್ಕೆ ಸುಮಾರು 97 ಭಾಗ ಸಮುದ್ರದಲ್ಲಿಯೇ ಇದೆ. ಆ ನೀರನ್ನು ಸಿಹಿಗೊಳಿಸಿ ಬಳಸಬಾರದೇಕೆ? ಕಡಲಿನಿಂದ ದೂರದಲ್ಲಿರುವ, ರಾಯಬಾಗ ತಾಲೂಕಿನ ಅಲಖನೂರದಂತಹ ಊರಿಗೂ ಅದು ಆಸರೆಯಾದೀತೇ? ಉತ್ತರ ಹೇಳುವ ಮೊದಲು ಸಿಹಿನೀರಿನ ಬೆಲೆಯನ್ನು ಅಳೆಯಬೇಕು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದನ್ನು ಕುಡಿದರೆ ಆ ಲವಣವನ್ನು ಹೊರಹಾಕಲು ಮೂತ್ರಪಿಂಡಗಳು ಕುಡಿದುದಕ್ಕಿಂತ ಹೆಚ್ಚು ನೀರನ್ನು ವ್ಯಯಮಾಡಬೇಕಾಗುತ್ತದೆ. ಬಾಯಾರಿಕೆ ತಣಿಯುವ ಬದಲು ಹೆಚ್ಚುತ್ತದೆ. ಲವಣವನ್ನು ಬೇರ್ಪಡಿಸುವ ಹಳೆಯ ಉಪಾಯವೆಂದರೆ ನೀರನ್ನು ಕಾಯಿಸಿ, ಆವಿಯನ್ನು ತಂಪುಗೊಳಿಸಿ ಸಂಗ್ರಹಿಸುವುದು. ಹಡಗಿನವರು ಇದನ್ನು ಬಹುಕಾಲದಿಂದ ಬಲ್ಲರು. ಆದರೆ ಒಂದು ಸಾವಿರ ಲೀಟರ್ ನೀರನ್ನು ಆವಿಯಾಗಿಸಲು 600 ಯುನಿಟ್ ವಿದ್ಯುತ್ತಿಗೂ ಮಿಕ್ಕಿದ ಶಾಖ ಬೇಕು. ಅದೇ ಶಾಖವನ್ನು ಮತ್ತೆ ಮತ್ತೆ ಬಳಸುವ ಯಂತ್ರಗಳಿದ್ದರೂ, ಇಂಧನ ಅಗ್ಗವಾಗಿರುವ ಕೊಲ್ಲಿ ರಾಷ್ಟ್ರಗಳಂತಹ ಕಡೆಗಳಲ್ಲಿಯೇ ಈ ವಿಧಾನ ಹೆಚ್ಚಾಗಿ ಬೇರೂರಿತು.

ಎರಡನೆಯ ವಿಧಾನವನ್ನು ತಿಳಿಯಲು ಒಂದು ಒಣದ್ರಾಕ್ಷಿ ಸಾಕು. ಅದನ್ನು ನೀರಿನಲ್ಲಿ ನೆನೆಯಿಟ್ಟರೆ ಉಬ್ಬುತ್ತದೆ. ಅದರ ಸಿಪ್ಪೆ ನೀರನ್ನು ಒಳಕ್ಕೆ ಬಿಡುತ್ತದೆ. ಒಳಗಿನ ಸಕ್ಕರೆಯನ್ನು ಸುಲಭವಾಗಿ ಹೊರಕ್ಕೆ ಬಿಡುವುದಿಲ್ಲ. ಹೀಗೆ ತಿಳಿಯಾದ ನೀರು ಪೊರೆಯ ಮೂಲಕ ಸಾಂದ್ರವಾದ ದ್ರಾವಣದ ಕಡೆಗೆ ಹರಿಯುವುದಕ್ಕೆ ಅಭಿಸರಣ ಎಂದು ಹೆಸರು. ಉಪ್ಪುನೀರಿನ ಮೇಲೆ ಬಲವಾದ ಒತ್ತಡ ಹೇರಿದರೆ ಈ ಹರಿವು ತಿರುಗುತ್ತದೆ: ಉಪ್ಪು ಹಿಂದುಳಿದು ನೀರು ಮಾತ್ರ ಪೊರೆಯನ್ನು ದಾಟುತ್ತದೆ. ಇದೇ ಹಿಮ್ಮುಖ ಅಭಿಸರಣ. ಇದಕ್ಕೆ ಒಗ್ಗುವ ಪೊರೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಎಂಬ ವಿಜ್ಞಾನಿಗಳು 1960ರ ಸುಮಾರಿಗೆ ಸಿದ್ಧಪಡಿಸಿದರು. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಸಾಮಾನ್ಯವಾಗಿ ನಡೆಯುವುದು ಇದೇ ತತ್ತ್ವದ ಮೇಲೆ. ಕೊಳವೆಬಾವಿಯ ನೀರಿನಲ್ಲಿ ಲವಣ ಕಡಿಮೆಯಾದ್ದರಿಂದ ಅಲ್ಲಿ ಅಲ್ಪ ಒತ್ತಡ ಸಾಕು. ಸಮುದ್ರದ ನೀರಿಗಾದರೆ ವಾಯುಮಂಡಲದ ಒತ್ತಡದ ಐವತ್ತು, ಅರವತ್ತು ಪಟ್ಟು ಬೇಕು.

ಈ ವಿದ್ಯೆಯ ದೊಡ್ಡ ಲಾಭವೆಂದರೆ ಅದು ಮಳೆಯ ಹಂಗಿನಲ್ಲಿಲ್ಲ. ಎಂತಹ ಬರದಲ್ಲಿಯೂ ಸಮುದ್ರ ಬತ್ತುವುದಿಲ್ಲ. ಚೆನ್ನೈಯ ಉತ್ತರಕ್ಕೆ ಮಿಂಜೂರಿನ ಸ್ಥಾವರ 2010ರಲ್ಲಿಯೂ ದಕ್ಷಿಣಕ್ಕೆ ನೆಮ್ಮೇಲಿಯ ಸ್ಥಾವರ 2013ರಲ್ಲಿಯೂ ಆರಂಭವಾದವು. ಒಂದೊಂದರ ಸಾಮರ್ಥ್ಯ ದಿನಕ್ಕೆ 10 ಕೋಟಿ ಲೀಟರ್. 2019ರಲ್ಲಿ ಜಲಾಶಯಗಳು ಬತ್ತಿದಾಗ ನಗರಕ್ಕೆ ಉಳಿದ ಆಸರೆಗಳಲ್ಲಿ ಇವು ಮುಖ್ಯವಾಗಿದ್ದವು. 2024ರಲ್ಲಿ ನೆಮ್ಮೇಲಿಯಲ್ಲಿಯೇ 15 ಕೋಟಿ ಲೀಟರಿನ ಇನ್ನೊಂದು ಸ್ಥಾವರ ಸೇರಿತು. ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೂ ತಣ್ಣೀರುಬಾವಿಯ ಕಡಲತೀರದಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಸ್ಥಾವರವೊಂದು ಸಿದ್ಧವಾಯಿತು. ಕಾರ್ಖಾನೆಯು ಕಡಲಿನಿಂದ ಪಡೆದಷ್ಟು ನೀರು ನೇತ್ರಾವತಿಯಲ್ಲಿ ಊರಿನವರಿಗೆ ಉಳಿಯುತ್ತದೆ.

ಇನ್ನು ವೆಚ್ಚ. ಒಂದು ಸಾವಿರ ಲೀಟರ್ ಸಮುದ್ರದ ನೀರನ್ನು ಈ ವಿಧಾನದಿಂದ ಸಿಹಿಗೊಳಿಸಲು ಮೂರರಿಂದ ನಾಲ್ಕು ಯುನಿಟ್ ವಿದ್ಯುತ್ ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಹೊಗೆಯ ಹೊರೆಯೂ ಸೇರುತ್ತದೆ. ಪೊರೆಗಳು ಸವೆಯುತ್ತವೆ, ಕೆಲವು ವರ್ಷಗಳಿಗೊಮ್ಮೆ ಅವನ್ನು ಬದಲಿಸಬೇಕು. ಒಳಸೆಳೆದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಮ್ಮಡಿ ಉಪ್ಪಾಗಿ ಉಳಿಯುತ್ತದೆ. ಅದನ್ನು ಎಚ್ಚರಿಕೆಯಿಲ್ಲದೆ ತೀರದಲ್ಲಿ ಸುರಿದರೆ ತಳದ ಜೀವಿಗಳಿಗೆ ಕೇಡು. ಅವನ್ನು ನಂಬಿದ ಮೀನುಗಾರರಿಗೂ ನಷ್ಟ.

ಈ ನೀರನ್ನು ಅಲಖನೂರಕ್ಕೆ ತರುವುದಾದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ಆ ಸೀಮೆ ಕಡಲಿನಿಂದ ನೂರು ಕಿಲೊಮೀಟರಿಗೂ ಮಿಕ್ಕಿ ದೂರದಲ್ಲಿ, ಐನೂರು ಮೀಟರಿಗೂ ಮಿಕ್ಕಿ ಎತ್ತರದಲ್ಲಿದೆ. ನಡುವೆ ಸಹ್ಯಾದ್ರಿ ಅಡ್ಡನಿಂತಿದೆ. ಒಂದು ಸಾವಿರ ಲೀಟರ್ ನೀರನ್ನು ಐನೂರು ಮೀಟರ್ ಎತ್ತಲು ಪಂಪಿಗೆ ಸುಮಾರು ಎರಡು ಯುನಿಟ್ ಬೇಕು. ಹೀಗೆ ಒಟ್ಟು ವ್ಯಯ ಆರು ಯುನಿಟ್ ಎಂದಿಟ್ಟುಕೊಳ್ಳೋಣ. ಗ್ರಾಮೀಣ ನೀರು ಪೂರೈಕೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಗೊತ್ತುಮಾಡಿದ ಪ್ರಮಾಣ. ಆ ಪ್ರಕಾರ ಒಂದು ಸಾವಿರ ಲೀಟರ್ ಹದಿನೆಂಟು ಜನಕ್ಕೆ ಒಂದು ದಿನದ ನೀರು. ಕೊಳವೆಮಾರ್ಗದ ಖರ್ಚು ಭಾರಿಯಾದರೂ, ಕುಡಿಯುವ ನೀರಿಗೆ ಈ ವಿದ್ಯುತ್ತನ್ನು ಹೇಗೋ ಹೊಂದಿಸಬಹುದು. ಆದರೆ ಒಂದು ಎಕರೆ ಹೊಲದಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿಗೂ ಹೆಚ್ಚು, ಅಂದರೆ 600 ಯುನಿಟ್ ಬೇಕು. ಮಳೆಯೂ ಸೇರಿ ಕಬ್ಬಿನ ಒಂದು ಬೆಳೆಗೆ ಇಂತಹ ಸುಮಾರು ಅರವತ್ತು ಅಂಗುಲ ನೀರು ಬೇಕು. ಕಡಲಿನ ನೀರಿನಿಂದ ಒಳನಾಡಿನ ಹೊಲ ತೊಯ್ಯುವುದು ಲೆಕ್ಕಕ್ಕೆ ನಿಲ್ಲುವ ಮಾತಲ್ಲ.

ಹಾಗೆಂದು ಈ ವಿದ್ಯೆಯಿಂದ ಒಳನಾಡಿಗೆ ಏನೂ ಲಾಭವಿಲ್ಲವೆನ್ನಲಾಗದು. ತೆಲುಗು ಗಂಗಾ ಯೋಜನೆಯ ಕಾಲುವೆಯಲ್ಲಿ 1996ರಿಂದ ಚೆನ್ನೈಗೆ ಹರಿದು ಹೋಗುತ್ತಿರುವುದು ಇದೇ ಕೃಷ್ಣೆಯ ನೀರು. ಕಡಲತೀರದ ನಗರಗಳು ತಮ್ಮ ಅಗತ್ಯವನ್ನು ಕಡಲಿನಿಂದ ಪೂರೈಸಿಕೊಂಡಷ್ಟೂ ನದಿಗಳ ಮೇಲಿನ ಭಾರ ಇಳಿಯುತ್ತದೆ. ಕಡಲಿನ ನೀರು ಅಲಖನೂರವನ್ನು ಮುಟ್ಟದೆಯೂ ಅದಕ್ಕೆ ಉಪಕಾರವಾಗಬಹುದು.

ಅಷ್ಟೇ ಅಲ್ಲ, ಕಡಲಿನ ನೀರು ಪ್ರತಿವರ್ಷವೂ ಅಲ್ಲಿಗೆ ಬರುತ್ತಲೇ ಇದೆ. ಸೂರ್ಯನು ಸಮುದ್ರವನ್ನು ಕಾಯಿಸಿ, ಉಪ್ಪನ್ನು ಅಲ್ಲಿಯೇ ಬಿಟ್ಟು, ಆವಿಯನ್ನು ಮೇಲೆತ್ತುತ್ತಾನೆ. ಗಾಳಿ ಅದನ್ನು ಸಹ್ಯಾದ್ರಿಗೆ ಸಾಗಿಸಿ ಮಳೆಯಾಗಿ ಸುರಿಸುತ್ತದೆ. ಇದಕ್ಕೆ ಪೊರೆಯೂ ಬೇಡ, ಪಂಪೂ ಬೇಡ. 2019ರ ಬೇಸಿಗೆಯಲ್ಲಿ ಬತ್ತಿದ ಕೃಷ್ಣೆಯೇ ಅದೇ ಆಗಸ್ಟ್ ತಿಂಗಳಿನಲ್ಲಿ ಉಕ್ಕಿ, ಅದೇ ತಾಲೂಕುಗಳ ಊರುಗಳನ್ನು ಮುಳುಗಿಸಿದಳು. ಕೆರೆಯ ಹೂಳೆತ್ತುವುದು, ಹೊಲಕ್ಕೆ ಬದು ಹಾಕುವುದು, ಕೃಷಿಹೊಂಡ ತೋಡುವುದು, ಕಬ್ಬಿಗೆ ಹನಿ ನೀರಾವರಿ ಅಳವಡಿಸುವುದು ಇವೆಲ್ಲ ಪ್ರಕೃತಿ ಸಿಹಿಗೊಳಿಸಿ ಕೊಟ್ಟ ನೀರನ್ನು ಉಳಿಸಿಕೊಳ್ಳುವ ದಾರಿಗಳು. ಯಂತ್ರದಿಂದ ಪಡೆದ ಒಂದೊಂದು ಲೀಟರಿನ ಬೆಲೆಯನ್ನು ಬಲ್ಲವರು, ಬಿಟ್ಟಿಯಾಗಿ ಬಂದ ಮಳೆಯ ಹನಿಯನ್ನು ಹಗುರವಾಗಿ ಕಾಣಲಾರರು.