ಅಡಿಕೆಯ ಕೆಂಪಿಗೆ ಅಡಿಕೆಯದೇ ರಸ

ನಿಮಗಿದು ಗೊತ್ತೆ? ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ನಲ್ಲೂರು ಸೀಮೆ ಅಡಿಕೆಯ ನಾಡು. ಇಲ್ಲಿನ ಕೆಂಪಡಿಕೆಗೆ ಬಣ್ಣ ಕೊಡುವುದು ಚೊಗರು. ಗೊನೆ ಇಳಿಸಿ, ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸುತ್ತಾರೆ. ಅದೇ ನೀರಿಗೆ ಮತ್ತೆ ಮತ್ತೆ ಹೊಸ ಅಡಿಕೆ ಬಿದ್ದಂತೆ ಅದರ ಒಗರಿನ ಅಂಶವಾದ ಟ್ಯಾನಿನ್ ಇಳಿದು ನೀರು ಕಡುಗೆಂಪಾಗಿ ಮಂದವಾಗುತ್ತದೆ. ಅದೇ ಚೊಗರು. ಬೆಂದ ಅಡಿಕೆಗೆ ಇದನ್ನು ಹಚ್ಚಿ ಒಣಗಿಸಿದರೆ ಕೆಂಪು, ಹೊಳಪು ಎರಡೂ ಬರುತ್ತವೆ. ಉಳಿದದ್ದನ್ನು ಮುಂದಿನ ಕೊಯ್ಲಿಗೆ ಎತ್ತಿಡುವ ಮನೆಗಳೂ ಉಂಟು. ಇಷ್ಟು ಚೆಂದದ ಸಹಜ ಬಣ್ಣ ಕೈಯಲ್ಲೇ ಇರುವಾಗ ಕೃತಕ ಬಣ್ಣ ಬೆರೆಸುವುದು ಅಡಿಕೆಗೇ ಮಾಡುವ ಅನ್ಯಾಯ.

ಇನ್ನು ಅಡಿಕೆ ಸುಲಿದ ಸಿಪ್ಪೆ. ಅದು ಬೇಗ ಕೊಳೆಯದು, ನಿಜ. ಆದರೆ ಸಗಣಿ ಗೊಬ್ಬರದೊಂದಿಗೆ ತೇವ ಆರದಂತೆ ಗುಂಡಿಯಲ್ಲಿಟ್ಟರೆ ತೋಟಕ್ಕೆ ಒಳ್ಳೆಯ ಗೊಬ್ಬರ. ರೈತರೇ, ಅದನ್ನು ರಸ್ತೆಬದಿಗೆ ಸುರಿದು ಸುಡಬೇಡಿ.