ಕಾಣದ ಅಕ್ಷರ, ಕಳೆದುಹೋದ ಹೆಸರು

‘ಕನ್ನಡ’ ಎಂಬ ಮೂರಕ್ಷರದ ಪದವನ್ನು ಹಳೆಯ ‘ನುಡಿ’ ಫಾಂಟ್‌ನಲ್ಲಿ ಬೆರಳಚ್ಚಿಸಿ, ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಪರದೆಯ ಮೇಲೆ ಏಳು ವಿಚಿತ್ರ ಚಿಹ್ನೆಗಳು ಮೂಡುತ್ತವೆ. ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಫ್ರೆಂಚರ ಎ. ಬಳಿಕ ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಎ.

ಆ ಕಾಲದ ಗಣಕದ ಅಕ್ಷರಪಟ್ಟಿಯಲ್ಲಿದ್ದುದು 256 ಸ್ಥಾನಗಳು ಮಾತ್ರ. ಮೊದಲರ್ಧ ಇಂಗ್ಲಿಷಿನ ಪಾಲು. ಉಳಿದರ್ಧದ ಬಹುಭಾಗ ಪಶ್ಚಿಮ ಯುರೋಪಿನ ಭಾಷೆಗಳ ಗೀಟು, ಚುಕ್ಕಿ ಹೊತ್ತ ಅಕ್ಷರಗಳಿಗೆ ಮೀಸಲು. ನಮ್ಮವರು ಆ ಪೀಠಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿದರು. ಅದು ಜಾಣ ಉಪಾಯವೇ. ಆದರೆ ಗಣಕದ ಪಾಲಿಗೆ ಅದು ಕನ್ನಡವಾಗಿರಲಿಲ್ಲ, ವೇಷ ಹಾಕಿದ ಯುರೋಪಾಗಿತ್ತು.

1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ದೊರೆಯಿತು. (ಆ ಮನೆಯ ನಾಮಫಲಕದಲ್ಲೂ ಒಂದು ಎಡವಟ್ಟು ಇದೆ. ಹಳಗನ್ನಡದ ‘ಏೞು’ವಿನಲ್ಲಿ ಬರುವ ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಟ್ಟ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮವಾದ್ದರಿಂದ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿ ಸುಮ್ಮನಾಗಿದ್ದಾರೆ.) 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ಬಂದ ಮೇಲೆ ಸಮಸ್ಯೆ ಮುಗಿಯಿತೆಂದೇ ಅನೇಕರು ಭಾವಿಸಿದರು.

ಮುಗಿದಿಲ್ಲ. ಕನ್ನಡ ಬರೆಯಲು ಕಣ್ಣಿಗೆ ಕಾಣದ ಎರಡು ಚಿಹ್ನೆಗಳೂ ಬೇಕು. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ಟ್ ಮತ್ತು ವೇ ನಡುವೆ, ಅಕ್ಷರಗಳನ್ನು ಕೂಡದಂತೆ ತಡೆಯುವ ಅದೃಶ್ಯ ಚಿಹ್ನೆಯೊಂದನ್ನು ಇಡಬೇಕು. ಇಲ್ಲವಾದರೆ ಅದು ‘ಸಾಫ್ಟ್ವೇರ್’ ಎಂದು ಒತ್ತಕ್ಷರವಾಗುತ್ತದೆ. ಅರ್ಕಾವತ್ತು ಬಾರದಂತೆ ‘ರ‍್ಯಾಂಕ್’ ಎಂದು ಬರೆಯಲು ಬೇಕಾದುದು ಇನ್ನೊಂದು, ಕೂಡಿಸುವ ಚಿಹ್ನೆ. ತಡೆಚಿಹ್ನೆಯ ಸಂಕೇತ 200ಸಿ. ಅದನ್ನು ಮೂಡಿಸುವ ಬಗೆಯೋ ಗಣಕಕ್ಕೊಂದು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಆ ಸಂಕೇತ ಬರೆದು ಆಲ್ಟ್ ಜತೆ ಎಕ್ಸ್ ಒತ್ತಬಹುದು. ಲಿನಕ್ಸ್‌ನ ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒತ್ತಿ ಬಳಿಕ ಸಂಕೇತ ಬರೆಯಬೇಕು. ಮ್ಯಾಕ್‌ನಲ್ಲಿ ಅದಕ್ಕೆಂದೇ ಇರುವ ಕೀಲಿಮಣೆಯನ್ನು ಆರಿಸಿಕೊಂಡು ಆಪ್ಷನ್ ಕೀಲಿಯನ್ನು ಹಿಡಿದಿರಬೇಕು. ಫ್ರೆಂಚರಿಗೂ ಇಂತಹ ಕಸರತ್ತು ತಪ್ಪಿದ್ದಲ್ಲ. ಆದರೆ ಅವರ ಗೀಟು ಬಿಟ್ಟುಹೋದರೆ ಓದುವವರ ಕಣ್ಣಿಗೆ ಬೀಳುತ್ತದೆ. ನಮ್ಮ ತಡೆಚಿಹ್ನೆ ಪದದ ಕೊನೆಯಲ್ಲಿ ಹೆಚ್ಚಾಗಿ ಕುಳಿತರೆ ಯಾರಿಗೂ ಕಾಣದು. ‘ಅನಿಲ್’ ಎಂಬ ಹೆಸರಿನ ತುದಿಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ರೂಪ ಒಂದೇ. ಆದರೆ ಎಚ್ಚರಿಕೆಯಿಲ್ಲದೆ ಬರೆದ ತಂತ್ರಾಂಶಕ್ಕೆ ಇವೆರಡೂ ಬೇರೆ ಬೇರೆ ವ್ಯಕ್ತಿಗಳು.

ನನ್ನ ಬಂಧುವೊಬ್ಬರ ಹೆಸರೂ ಹೀಗೆಯೇ ವ್ಯಂಜನದಲ್ಲಿ ಕೊನೆಯಾಗುತ್ತದೆ. ಕಚೇರಿಯೊಂದರ ಮುದ್ರಿತ ಪಟ್ಟಿಯಲ್ಲಿ ಅವರ ಹೆಸರು ಸ್ಪಷ್ಟವಾಗಿತ್ತು. ಗಣಕದಲ್ಲಿ ಹುಡುಕಿದರೆ ‘ದಾಖಲೆ ಇಲ್ಲ’. ಎರಡು ದಿನ ಅವರೊಂದಿಗೆ ನಾನೂ ಸಾಲಿನಲ್ಲಿ ನಿಂತೆ. ಎಪ್ಪತ್ತು ದಾಟಿದ ಅವರು, ‘ನಾನು ಇದ್ದೇನೋ ಇಲ್ಲವೋ ಅಂತ ನನಗೇ ಅನುಮಾನ ಬರ್ತಾ ಇದೆ ಕಣಪ್ಪ’ ಎಂದು ನಕ್ಕರು. ಮೂರನೆಯ ದಿನ ಯುವ ಗುಮಾಸ್ತೆಯೊಬ್ಬರು ಹೆಸರಿನ ಮೊದಲ ಎರಡಕ್ಷರವನ್ನಷ್ಟೇ ಒತ್ತಿ ಹುಡುಕಿದರು. ದಾಖಲೆ ಥಟ್ಟನೆ ಎದುರಿಗೆ ಬಂತು. ಇದು ಆಕೆ ತಾವಾಗಿಯೇ ಕಂಡುಕೊಂಡ ಉಪಾಯವಂತೆ. ಕಚೇರಿಯಲ್ಲಿ ಯಾರೂ ಕಲಿಸಿದ್ದಲ್ಲ.

ಪರಿಹಾರ ಕಷ್ಟದ್ದೇನಲ್ಲ. ಯೂನಿಕೋಡ್‌ನ ಅಕ್ಷರಾನುಕ್ರಮ ನಿಯಮದ ಮೂಲಪಟ್ಟಿಯಲ್ಲೇ, ಪದಗಳನ್ನು ಹೋಲಿಸುವಾಗ ಈ ಚಿಹ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ ಎಂದಿದೆ. ಹಾಗೆಂದು ದಾಖಲೆಯಿಂದಲೇ ಅವನ್ನು ಅಳಿಸಿಹಾಕುವುದು ಸಲ್ಲದು. ‘ಸಾಫ್ಟ್‌ವೇರ್’ ಮತ್ತೆ ಕೆಡುತ್ತದೆ. ಬರೆದದ್ದು ಬರೆದಂತೆಯೇ ಉಳಿಯಲಿ, ಹುಡುಕಾಟದಲ್ಲಿ ಮಾತ್ರ ಅವು ಅಡ್ಡಬಾರದಿರಲಿ. ಸಾರ್ವಜನಿಕ ದಾಖಲೆಗಳಿಗೆ ತಂತ್ರಾಂಶ ಕೊಳ್ಳುವ ಪ್ರತಿಯೊಂದು ಟೆಂಡರಿನಲ್ಲೂ ಈ ಷರತ್ತು ಸೇರಬೇಕು. ಒಪ್ಪಿಗೆಯ ರುಜು ಹಾಕುವ ಮುನ್ನ ಅಧಿಕಾರಿಯು ‘ಅನಿಲ್’ ಎಂಬ ಹೆಸರನ್ನು ಎರಡೂ ಬಗೆಯಲ್ಲಿ ಹುಡುಕಿ ನೋಡಲಿ. ಅದಕ್ಕೆ ಐದು ನಿಮಿಷ ಸಾಕು.