ಬಣ್ಣ ನಂಬಬೇಡಿ, ಕೊಕ್ಕು ನೋಡಿ!

ಒಂದೇ ಹಕ್ಕಿ, ಒಂದೇ ಕೊಂಬೆ, ಎರಡು ಫೋಟೊ. ಮೊದಲನೆಯದರಲ್ಲಿ ಅದರ ಕೊರಳು ಪಚ್ಚೆಯ ಹಾಗೆ ಫಳಫಳ. ಎರಡನೆಯದರಲ್ಲಿ ಇದ್ದಿಲಿನಂತೆ ಕಪ್ಪು. ಆಗಿದ್ದಿಷ್ಟೇ: ಹಕ್ಕಿ ಕತ್ತು ಹೊರಳಿಸಿತು!

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಹಮ್ಮಿಂಗ್‌ಬರ್ಡ್‌ಗಳು ಫೋಟೊ ನೋಡುವವರನ್ನು ಹೀಗೆ ಆಟವಾಡಿಸುತ್ತವೆ. ಗರಿಯೊಳಗಿನ ತೀರಾ ತೆಳುವಾದ ಪದರಗಳಿಗೆ ಬೆಳಕು ತಾಗಿ ಮರಳುವಾಗ ಆ ಹೊಳಪು ಹುಟ್ಟುತ್ತದೆ. ಕೋನ ಬದಲಾದರೆ ಮಾಯ. ನಮ್ಮ ಹಿತ್ತಲಿನ ಗಂಡು ಸೂರಕ್ಕಿಯೂ ನೆರಳಿನಲ್ಲಿ ಕಪ್ಪು, ಬಿಸಿಲಿನಲ್ಲಿ ನೇರಳೆ ತಾನೆ? ಆದರೆ ಸೂರಕ್ಕಿಯ ಬಳಗವೇ ಬೇರೆ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಹಾಗಾದರೆ ಹೆಸರು ಹೇಳುವುದು ಹೇಗೆ?

ಮೊದಲು ಕೊಕ್ಕು ನೋಡಿ. ಸ್ವೋರ್ಡ್‌-ಬಿಲ್ಡ್ ಹಮ್ಮಿಂಗ್‌ಬರ್ಡ್‌ನ ಕತ್ತಿಯಂಥ ಕೊಕ್ಕು, ಬಾಲ ಬಿಟ್ಟರೆ ಅದರ ಮೈಗಿಂತ ಉದ್ದ! ಅದರಿಂದ ಗರಿ ತೀಡಿಕೊಳ್ಳಲಾಗದೆ ಪಾಪ, ಕಾಲಿನಿಂದಲೇ ಕೆರೆದುಕೊಳ್ಳುತ್ತದೆ. ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದೆಯೇ? ಅದು ಹಮ್ಮಿಂಗ್‌ಬರ್ಡೇ ಅಲ್ಲದೆ ಫ್ಲವರ್‌ಪಿಯರ್ಸರ್ ಇರಬಹುದು. ಹೂವಿನ ಬುಡಕ್ಕೆ ತೂತು ಕೊರೆದು ಮಕರಂದ ಕದಿಯುವ ಪುಟ್ಟ ಕಳ್ಳ!

ಆಮೇಲೆ ಬಾಲ, ಕಾಲು. ಗಂಡು ರಾಕೆಟ್‌-ಟೇಲ್‌ನ ಬಾಲದಲ್ಲಿ ಎರಡು ಪುಟಾಣಿ ಟೆನಿಸ್ ಬ್ಯಾಟು, ಕಾಲಿಗೆ ಹತ್ತಿಯ ಉಂಡೆ.

ಫೋಟೊ ತೆಗೆದ ಊರು, ತಿಂಗಳು, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದೂ ಬೇಕು. ಈಕ್ವೆಡಾರ್ ಒಂದರಲ್ಲೇ 130ಕ್ಕೂ ಹೆಚ್ಚು ಬಗೆಯ ಹಮ್ಮಿಂಗ್‌ಬರ್ಡ್‌ಗಳಿವೆ. ಅವುಗಳಲ್ಲಿ ಬ್ಲ್ಯಾಕ್‌-ಬ್ರೆಸ್ಟೆಡ್ ಪಫ್‌ಲೆಗ್ ಎಂಬುದು ರಾಜಧಾನಿ ಕ್ವಿಟೊ ನಗರದ ಲಾಂಛನ ಹಕ್ಕಿ. ಅದು ಉಳಿದಿರುವುದು ಪಿಚಿಂಚಾ ಜ್ವಾಲಾಮುಖಿಯ ಇಳಿಜಾರಿನಂಥ ಕೆಲವೇ ಕಾಡುಗಳಲ್ಲಿ. ಅದನ್ನೇ ಹೋಲುವ ನೆಂಟರೂ ಇದ್ದಾರೆ. ಬೇರೆ ಹಕ್ಕಿಗೆ ಅದರ ಹೆಸರಿಟ್ಟರೆ, ಇಲ್ಲದ ಕಡೆ ಅದು ಇದೆ ಎಂದಾಗುತ್ತದೆ. ನಿಜವಾಗಿ ಇರುವ ಕಾಡು ಕಾಯುವವರ ಲೆಕ್ಕ ತಪ್ಪುತ್ತದೆ.

ಪಂಡಿತರೂ ಬೇಸ್ತು ಬಿದ್ದಿದ್ದಾರೆ. ಎಲ್ಲಕ್ಕಿಂತ ದೊಡ್ಡದಾದ ಜೈಂಟ್ ಹಮ್ಮಿಂಗ್‌ಬರ್ಡ್ ಒಂದೇ ಜಾತಿಯೆಂದು ಸುಮಾರು 200 ವರ್ಷ ನಂಬಿದ್ದರು. ಒಂದು ಬಗೆ ವಲಸೆ ಹೋಗುತ್ತದೆ, ಇನ್ನೊಂದು ವರ್ಷವಿಡೀ ಎತ್ತರದ ಬೆಟ್ಟಗಳಲ್ಲೇ ಇರುತ್ತದೆ. ಇವು ಎರಡು ಜಾತಿ ಎಂದು 2024ರಲ್ಲಿ ತಿಳಿಯಿತು. ಅದೂ ವಂಶವಾಹಿ ಪರೀಕ್ಷೆಯಿಂದ. ನೋಡಲು ಎರಡೂ ಅವಳಿಗಳಂತೆ!

ಅದಕ್ಕೇ ಮಕ್ಕಳೇ, ಗುರುತು ಸಿಗದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆಯಲು ನಾಚಬೇಡಿ. ಈ ಭಾನುವಾರ ಅಜ್ಜ-ಅಜ್ಜಿಯ ಜೊತೆ ಹಿತ್ತಲಲ್ಲಿ ಕೂತು, ಒಂದೇ ಸೂರಕ್ಕಿಯ ಎರಡು ಫೋಟೊ ತೆಗೆಯಿರಿ. ಒಂದು ಬಿಸಿಲಲ್ಲಿ, ಒಂದು ನೆರಳಲ್ಲಿ. ಮನೆಯವರಿಗೆ ತೋರಿಸಿ ಕೇಳಿ: ಇದು ಒಂದು ಹಕ್ಕಿಯೋ, ಎರಡೋ?